ಐನೋಡ್ ಮುಗಿದದ್ದಕ್ಕೆ ಡಿಸ್ಕ್ ಮಾರಿದ ಬಗ್ಗೆ ದೂರು

ದಿನಾಂಕ: 6 ಅಕ್ಟೋಬರ್ 2025
ಸ್ಥಳ: ಸರಸ್ವತಿಪುರಂ, ಮೈಸೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಕುಂದುಕೊರತೆ ವಿಭಾಗ
(ವೆಬ್ ಹೋಸ್ಟಿಂಗ್ ಸೇವಾ ಸಂಸ್ಥೆ)

ವಿಷಯ: ಸೆಪ್ಟೆಂಬರ್ 24ರ ರಾತ್ರಿಯಿಂದ 26ರ ರಾತ್ರಿಯವರೆಗೆ ನನ್ನ ಲಿನಕ್ಸ್ ಸರ್ವರ್ ಕೆಲಸ ಮಾಡದೆ ಹೋದದ್ದು, ಬೇಡದ ಡಿಸ್ಕ್‌ಗೆ ಕಟ್ಟಿಸಿಕೊಂಡ ಹಣದ ವಾಪಸಾತಿ ಮತ್ತು ತಿಳಿಸದೆ ಫೈಲ್‌ಗಳ ಪರ್ಮಿಶನ್ ಬದಲಿಸಿದ ಬಗ್ಗೆ.

ಮಾನ್ಯರೇ,

ನಾನು ಮೈಸೂರಿನಲ್ಲಿ ಮನೆಯಿಂದಲೇ ಸಣ್ಣಪುಟ್ಟ ವ್ಯಾಪಾರಸ್ಥರ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತಾ ಜೀವನ ನಡೆಸುವವನು. ಮೂರು ವರ್ಷಗಳಿಂದ ತಮ್ಮಲ್ಲಿ 2 ಜಿಬಿ ರ‍್ಯಾಮ್ ಮತ್ತು 40 ಜಿಬಿ ಡಿಸ್ಕ್ ಇರುವ ಒಂದು ವರ್ಚುವಲ್ ಸರ್ವರ್ ಪಡೆದು, ಅದರಲ್ಲಿ ಶ್ರೀರಂಗಪಟ್ಟಣದ ಬಳಿಯ ಒಂದು ಹೋಮ್‌ಸ್ಟೇ, ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿ ಹಾಗೂ ಇಲ್ಲಿನ ಒಬ್ಬ ಊದುಬತ್ತಿ ತಯಾರಕರದ್ದೂ ಸೇರಿ ಐದು ಸೈಟ್‌ಗಳನ್ನು ನಡೆಸುತ್ತಿದ್ದೇನೆ. ಇದು ಮ್ಯಾನೇಜ್ಡ್ ಯೋಜನೆಯಾದ್ದರಿಂದ ಉಬುಂಟು 22.04ರ ನವೀಕರಣವೂ ರೂಟ್ (ಸರ್ವರ್‌ನಲ್ಲಿ ಏನನ್ನಾದರೂ ಬದಲಿಸಬಲ್ಲ ಖಾತೆ) ಅಧಿಕಾರವೂ ತಮ್ಮ ಸಿಬ್ಬಂದಿಯ ಕೈಯಲ್ಲಿವೆ. ನಾನು ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಪ್ರವೇಶಿಸುವ ಸುರಕ್ಷಿತ ವಿಧಾನ) ಮೂಲಕ ಸಾಮಾನ್ಯ ಬಳಕೆದಾರನಾಗಿ ಮಾತ್ರ ಒಳಬರಬಲ್ಲೆ. ರೂಟ್ ಇಲ್ಲದವನು ಸರ್ವರ್‌ನಲ್ಲಿ ನೋಡಬಹುದು, ಓದಬಹುದು, ವ್ಯವಸ್ಥೆಯ ಫೈಲ್‌ಗಳಿಗೆ ಕೈಹಾಕುವಂತಿಲ್ಲ. ಈ ದೂರಿನ ಮೂಲ ಅಲ್ಲೇ ಇದೆ: ನೋಡಬಹುದಾದದ್ದನ್ನೆಲ್ಲ ನೋಡಿ ನಾನು ಬರೆದು ಕಳಿಸಿದ್ದೆ, ಕೈಹಾಕಬಲ್ಲವರು ಅದನ್ನು ಓದದೆಯೇ ಕೈಹಾಕಿದರು.

ಸೆಪ್ಟೆಂಬರ್ 24, ಬುಧವಾರ, ದಸರಾ ಆರಂಭವಾಗಿ ಮೂರನೆಯ ದಿನ. ಜಂಬೂಸವಾರಿಯ ವಾರಕ್ಕೆ ಕೋಣೆ ಹುಡುಕುವವರು ಮುಗಿಬೀಳುವ ಹೊತ್ತು. ಅಂದು ರಾತ್ರಿ 9.40ಕ್ಕೆ ಹೋಮ್‌ಸ್ಟೇಯ ಮಾಲೀಕರು ಫೋನ್ ಮಾಡಿ, ಸೈಟ್ ತೆರೆಯುತ್ತದೆ, ಆದರೆ ಬುಕಿಂಗ್ ಫಾರ್ಮ್ ತುಂಬಿ ಗುಂಡಿ ಒತ್ತಿದರೆ ಮತ್ತೆ ಖಾಲಿ ಫಾರ್ಮೇ ಬರುತ್ತದೆ ಎಂದರು. ನಾನು ಒಳಹೊಕ್ಕು ಪಿಎಚ್‌ಪಿ (ಸೈಟ್‌ಗಳನ್ನು ನಡೆಸುವ ತಂತ್ರಾಂಶ) ದೋಷಗಳ ಲಾಗ್ ತೆರೆದಾಗ, ಸೆಷನ್ ಫೈಲ್ (ಸೈಟ್‌ಗೆ ಬಂದ ಪ್ರತಿಯೊಬ್ಬರ ತಾತ್ಕಾಲಿಕ ಗುರುತಿನ ಫೈಲ್) ತೆರೆಯಲಾಗಲಿಲ್ಲ, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಸಂಖ್ಯೆ 28, ಎಂಬ ಒಂದೇ ಸಾಲು ಪುಟಗಟ್ಟಲೆ ಬಂದಿತ್ತು. ಡಿಸ್ಕ್‌ನ ಜಾಗ ತೋರಿಸುವ ‘ಡಿಎಫ್ -ಎಚ್’ ಆಜ್ಞೆ ಕೊಟ್ಟು ನೋಡಿದರೆ 39 ಜಿಬಿಯಲ್ಲಿ ಬಳಕೆಯಾಗಿದ್ದದ್ದು ಕೇವಲ 17 ಜಿಬಿ, ಅಂದರೆ ಶೇಕಡ 44. ಜಾಗವಿದ್ದೂ ಜಾಗವಿಲ್ಲ ಎನ್ನುವಾಗ ಈ ಕೆಲಸದಲ್ಲಿರುವ ಯಾರಾದರೂ ಮುಂದೆ ನೋಡಬೇಕಾದದ್ದು ಐನೋಡ್‌ಗಳ ಲೆಕ್ಕ ತೋರಿಸುವ ‘ಡಿಎಫ್ -ಐ’. ಅದನ್ನು ಕೊಟ್ಟೊಡನೆ ಉತ್ತರ ಸಿಕ್ಕಿತು: ಒಟ್ಟು ಐನೋಡ್ 26,21,440, ಬಳಕೆ 26,21,440, ಉಳಿಕೆ 0.

ಈ ಪತ್ರ ತಾಂತ್ರಿಕ ವಿಭಾಗದವರಲ್ಲದ ಅಧಿಕಾರಿಗಳ ಕೈಗೂ ಹೋಗಬಹುದಾದ್ದರಿಂದ ಒಂದು ಮಾತು ಬಿಡಿಸಿ ಹೇಳುತ್ತೇನೆ. ಗೋದಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದ್ದರೂ, ಒಳಬಂದ ಪ್ರತಿ ಮೂಟೆಗೂ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು ಬರೆಯಲೇಬೇಕು ಎಂಬ ನಿಯಮವಿದ್ದು, ಆ ಪುಸ್ತಕದ ಹಾಳೆಗಳು ಮುಗಿದುಹೋದರೆ ಹೊಸ ಮೂಟೆಯನ್ನು ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತದೆ. ಐನೋಡ್ ಎಂದರೆ ಆ ಪುಸ್ತಕದ ಒಂದು ಸಾಲು. ಈ ಸರ್ವರ್ ಬಳಸುವ ಎಕ್ಸ್‌ಟಿ4 ಫೈಲ್ ವ್ಯವಸ್ಥೆಯನ್ನು ರಚಿಸುವಾಗ ಬೇರೆ ಸೂಚನೆ ಕೊಡದಿದ್ದರೆ ಪ್ರತಿ 16 ಕೆಬಿಗೆ ಒಂದರಂತೆ ಐನೋಡ್‌ಗಳು ನಿಗದಿಯಾಗುತ್ತವೆ. 40 ಜಿಬಿಗೆ ಲೆಕ್ಕ ಹಾಕಿದರೆ ಮೇಲಿನ ಸಂಖ್ಯೆಯೇ ಬರುತ್ತದೆ. ಒಳಗೆ ಒಂದಕ್ಷರವೂ ಇಲ್ಲದ ಫೈಲ್ ಕೂಡ ಒಂದು ಐನೋಡ್ ತಿನ್ನುತ್ತದೆ, ಆದರೆ ‘ಡಿಎಫ್ -ಎಚ್’ ತೋರಿಸುವ ಜಾಗದಲ್ಲಿ ಅದರ ಸುಳಿವೇ ಇರುವುದಿಲ್ಲ.

ಹಾಗಾದರೆ 26 ಲಕ್ಷ ಸಾಲು ತುಂಬಿದ್ದು ಯಾವುದು? ‘/ವಾರ್/ಲಿಬ್/ಪಿಎಚ್‌ಪಿ/ಸೆಷನ್ಸ್’ ಎಂಬ ಡೈರೆಕ್ಟರಿಯ ಒಳಗನ್ನು ರೂಟ್ ಅಲ್ಲದವರು ನೋಡಲಾಗದು, ಹೊರಗಿನಿಂದ ಅದರ ಗಾತ್ರವನ್ನು ನೋಡಬಹುದು. ಸಾಧಾರಣವಾಗಿ ಡೈರೆಕ್ಟರಿಯೊಂದು 4 ಕೆಬಿ ಇರುತ್ತದೆ. ‘ಎಲ್‌ಎಸ್ -ಎಲ್‌ಡಿ’ ಕೊಟ್ಟಾಗ ಇದು 120 ಎಂಬಿ ದಾಟಿತ್ತು. ಹೆಸರುಗಳ ಪಟ್ಟಿಯೇ ಅಷ್ಟಾದರೆ ಒಳಗೆ ಎಷ್ಟು ಲಕ್ಷ ಫೈಲ್‌ಗಳಿರಬೇಕು ಎಂಬುದು ಊಹೆಗೆ ನಿಲುಕುವ ಮಾತು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಹಳೆಯ ಸೆಷನ್ ಫೈಲ್‌ಗಳನ್ನು ಪಿಎಚ್‌ಪಿ ತಾನೇ ಗುಡಿಸುವುದಿಲ್ಲ. ಆ ಸೆಟ್ಟಿಂಗನ್ನು 0 ಇಟ್ಟು, ಗಂಟೆಗೆ ಎರಡು ಸಲ, 9ನೇ ಮತ್ತು 39ನೇ ನಿಮಿಷಕ್ಕೆ ಓಡುವ ‘ಪಿಎಚ್‌ಪಿಸೆಷನ್‌ಕ್ಲೀನ್’ ಎಂಬ ಟೈಮರ್‌ಗೆ ಆ ಕೆಲಸ ವಹಿಸಲಾಗಿದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಪಟ್ಟಿಯಲ್ಲಿ ಆ ಟೈಮರೇ ಇರಲಿಲ್ಲ. ಸ್ಥಿತಿ ಕೇಳಿದರೆ ‘ಡಿಸೇಬಲ್ಡ್’ ಎಂದು ಬಂತು.

ಈ ಎಲ್ಲ ಆಜ್ಞೆಗಳ ಫಲಿತಾಂಶವನ್ನು ಹಾಗೆಯೇ ನಕಲು ಮಾಡಿ, ‘ದಯವಿಟ್ಟು ಹಳೆಯ ಸೆಷನ್ ಫೈಲ್‌ಗಳನ್ನು ಅಳಿಸಿ, ಟೈಮರ್ ಮತ್ತೆ ಚಾಲೂ ಮಾಡಿ’ ಎಂದು ಒಂದೇ ವಾಕ್ಯದ ಕೋರಿಕೆಯೊಂದಿಗೆ ರಾತ್ರಿ 10.15ಕ್ಕೆ ‘ತುರ್ತು’ ಎಂಬ ವರ್ಗದಲ್ಲಿ ಟಿಕೆಟ್ ಹಾಕಿದೆ. ತಿಳಿದವರಿಗೆ ಅದು ಒಂದು ಗಂಟೆಯ ಕೆಲಸ. ತುರ್ತು ಟಿಕೆಟ್‌ಗೆ ಒಂದು ಗಂಟೆಯಲ್ಲಿ ಉತ್ತರ ಕೊಡುವುದಾಗಿ ತಮ್ಮ ಒಪ್ಪಂದವೇ ಹೇಳುತ್ತದೆ. ಉತ್ತರ ಬಂದದ್ದು ಮರುದಿನ ಬೆಳಿಗ್ಗೆ 11.42ಕ್ಕೆ, ಮತ್ತು ಅದರಲ್ಲಿದ್ದದ್ದು ಇಷ್ಟೇ: ತಮ್ಮ ಡಿಸ್ಕ್ ತುಂಬಿದೆ, 80 ಜಿಬಿ ಯೋಜನೆಗೆ ಬದಲಾಯಿಸಿಕೊಳ್ಳಿ. ಶೇಕಡ 44 ಎಂಬ ಅಂಕಿ ಅದೇ ಟಿಕೆಟ್‌ನ ಮೊದಲ ಸಾಲುಗಳಲ್ಲೇ ಇತ್ತು. ನಾನು ಫೋನ್ ಮಾಡಿ ವಿವರಿಸಿದರೂ, ಯೋಜನೆ ಬದಲಿಸದೆ ಟಿಕೆಟ್ ಮುಂದಕ್ಕೆ ಹೋಗುವುದಿಲ್ಲ ಎಂದರು. ಅತ್ತ ಹೋಮ್‌ಸ್ಟೇಯವರು ಗಂಟೆಗೊಮ್ಮೆ ಕರೆ ಮಾಡುತ್ತಿದ್ದರು. ಬೇರೆ ದಾರಿ ಕಾಣದೆ ಜಿಎಸ್‌ಟಿ ಸೇರಿ ₹4,720 ಕಟ್ಟಿದೆ.

ಡಿಸ್ಕ್ ದೊಡ್ಡದಾದರೆ ಐನೋಡ್‌ಗಳೂ ಹೆಚ್ಚುತ್ತವೆ ಎಂಬ ವಾದ ತಮ್ಮ ಕಡೆಯಿಂದ ಬರಬಹುದು, ಅದು ಸುಳ್ಳೂ ಅಲ್ಲ. ಆದರೆ ಅದಕ್ಕೆ ಮೊದಲು ಪಾರ್ಟಿಷನ್ (ಡಿಸ್ಕ್‌ನಲ್ಲಿ ಬಳಕೆಗೆ ಗುರುತು ಹಾಕಿದ ಭಾಗ) ಹಿಗ್ಗಿಸಿ, ಆಮೇಲೆ ‘ರಿಸೈಜ್2ಎಫ್‌ಎಸ್’ ಓಡಿಸಿ ಫೈಲ್ ವ್ಯವಸ್ಥೆಯನ್ನು ಹಿಗ್ಗಿಸಬೇಕು. ಮಧ್ಯಾಹ್ನ ಎರಡಕ್ಕೆ ತಮ್ಮವರು ಸರ್ವರ್ ರೀಬೂಟ್ ಮಾಡಿ ‘ಅಪ್‌ಗ್ರೇಡ್ ಪೂರ್ಣ’ ಎಂದು ಬರೆದ ಮೇಲೆ ನಾನು ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ನೋಡಿದರೆ, ಡಿಸ್ಕ್ 80 ಜಿಬಿ ಎಂದಿತ್ತು, ಅದರೊಳಗಿನ ಪಾರ್ಟಿಷನ್ ಮಾತ್ರ ಮೊದಲಿನ 40ರಲ್ಲೇ ನಿಂತಿತ್ತು. ಕಟ್ಟೆಯಿಂದ ನಾಲೆಗೆ ನೀರು ಬಿಟ್ಟು ಗದ್ದೆಯ ತೂಬು ತೆರೆಯದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಮಂಡ್ಯದ ಕಡೆಯ ರೈತರನ್ನು ಕೇಳಿದರೆ ಹೇಳುತ್ತಾರೆ. ‘ಡಿಎಫ್ -ಐ’ ಮತ್ತೆ ಅದೇ 0 ತೋರಿಸಿತು.

ಇಲ್ಲಿಗೇ ನಿಂತಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಅಂದು ಸಂಜೆ 4.20ಕ್ಕೆ ತಮ್ಮ ಸಿಬ್ಬಂದಿಯೊಬ್ಬರು ರೂಟ್ ಆಗಿ ಒಳಬಂದು ‘ಸಿಎಚ್‌ಮಾಡ್ -ಆರ್ 777 /ಹೋಮ್’ ಎಂಬ ಆಜ್ಞೆ ಕೊಟ್ಟಿದ್ದಾರೆ. ಫೈಲ್ ಬರೆಯಲಾಗುತ್ತಿಲ್ಲ ಎಂದಾಕ್ಷಣ ಪರ್ಮಿಶನ್ ತೊಂದರೆ ಇರಬೇಕೆಂದು ಊಹಿಸಿ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಹಣ ಪಡೆದು ಸರ್ವರ್ ನೋಡಿಕೊಳ್ಳುವವರು ಮಾಡುವಂಥದ್ದಲ್ಲ. ಇದರಿಂದ ಎರಡು ಅನಾಹುತಗಳಾದವು. ಐದು ಸೈಟ್‌ಗಳೂ ಬೇರೆ ಬೇರೆ ಬಳಕೆದಾರರ ಹೆಸರಿನಲ್ಲಿ ಓಡುವಂತೆ ನಾನು ವ್ಯವಸ್ಥೆ ಮಾಡಿಕೊಂಡಿದ್ದು ಒಂದರ ಮನೆಗೆ ಇನ್ನೊಂದು ಇಣುಕಬಾರದು ಎಂದು. ಈ ಒಂದು ಆಜ್ಞೆಯಿಂದ, ಡೇಟಾಬೇಸ್ ಪಾಸ್‌ವರ್ಡ್ ಇರುವ ಸಂರಚನಾ ಫೈಲ್‌ಗಳೂ ಸೇರಿದಂತೆ ಎಲ್ಲವೂ ಎಲ್ಲ ಬಳಕೆದಾರರಿಗೂ ಓದಲು, ಬರೆಯಲು ಸಿಗುವಂತಾಯಿತು. ಯಾರೂ ಅದನ್ನು ದುರುಪಯೋಗ ಮಾಡಿಕೊಂಡ ಕುರುಹು ಲಾಗ್‌ಗಳಲ್ಲಿ ನನಗೆ ಕಂಡಿಲ್ಲ, ಆದರೂ ಐದೂ ಡೇಟಾಬೇಸ್‌ಗಳ ಪಾಸ್‌ವರ್ಡ್ ಬದಲಿಸದೆ ಗತಿಯಿರಲಿಲ್ಲ.

ಎರಡನೆಯದು, ನಾನೇ ಹೊರಗುಳಿದದ್ದು. ನನ್ನ ಲಾಗಿನ್ ಡೈರೆಕ್ಟರಿಯೂ ‘/ಹೋಮ್’ ಒಳಗೇ ಇದೆ. ಬಳಕೆದಾರನ ಮನೆ ಡೈರೆಕ್ಟರಿಯಾಗಲಿ ಪಾಸ್‌ವರ್ಡ್ ಬದಲು ಬಳಸುವ ಕೀಲಿ ಇಟ್ಟ ‘.ಎಸ್‌ಎಸ್‌ಎಚ್’ ಡೈರೆಕ್ಟರಿಯಾಗಲಿ ಬೇರೆಯವರು ಬರೆಯುವಂತೆ ತೆರೆದಿದ್ದರೆ ಎಸ್‌ಎಸ್‌ಎಚ್ ಸೇವೆ ಆ ಕೀಲಿಯನ್ನು ನಂಬುವುದಿಲ್ಲ, ನಂಬಬಾರದು ಕೂಡ. ಪಾಸ್‌ವರ್ಡ್ ಲಾಗಿನ್ ಅನ್ನು ಸುರಕ್ಷತೆಗಾಗಿ ಮೊದಲೇ ಮುಚ್ಚಲಾಗಿತ್ತು. ಹೀಗಾಗಿ 4.25ಕ್ಕೆ ನಾನು ಒಳಬರಲು ನೋಡಿದಾಗ ‘ಪರ್ಮಿಶನ್ ಡಿನೈಡ್’ ಬಂತು, 4.31ಕ್ಕೆ ‘ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಮಿಂಚಂಚೆಯೊಂದಿಗೆ ಟಿಕೆಟ್ ಮುಚ್ಚಲಾಯಿತು. ಬುಕಿಂಗ್ ಫಾರ್ಮ್ ತುಂಬಿ ನೋಡಿದ್ದರೆ ಸಾಕಿತ್ತು, ಅರ್ಧ ನಿಮಿಷವೂ ಬೇಡ.

ಶುಕ್ರವಾರ ನಾಲ್ಕು ಸಲ ಕರೆ ಮಾಡಿದ ಮೇಲೆ, ಸಂಜೆ 6.30ಕ್ಕೆ ನನಗೆ ಕನ್ಸೋಲ್ ಮೂಲಕ ತಾತ್ಕಾಲಿಕ ರೂಟ್ ಪ್ರವೇಶ ಕೊಟ್ಟಿರಿ. ಆ ಒಂದು ಸೌಜನ್ಯಕ್ಕೆ ಕೃತಜ್ಞ. ಒಳಹೋಗಿ ಎಣಿಸಿದಾಗ ಸೆಷನ್ ಫೈಲ್‌ಗಳು 23,87,116 ಇದ್ದವು, ಬಹುಪಾಲು ಸೊನ್ನೆ ಬೈಟ್‌ನವು. ಕುಕಿ (ಹಿಂದಿನ ಭೇಟಿಯ ಗುರುತು) ಇಟ್ಟುಕೊಳ್ಳದ ಬಾಟ್‌ಗಳು (ತಾವಾಗಿಯೇ ಸೈಟ್‌ಗಳಿಗೆ ಬರುವ ತಂತ್ರಾಂಶಗಳು) ಪ್ರತಿ ಸಲವೂ ಹೊಸ ಅತಿಥಿಯಂತೆ ಬಂದು ಒಂದೊಂದು ಫೈಲ್ ಬಿಟ್ಟುಹೋಗಿದ್ದವು. ಅಷ್ಟು ಫೈಲ್‌ಗಳಿಗೆ ನಕ್ಷತ್ರ ಚಿಹ್ನೆ ಹಾಕಿ ‘ಆರ್‌ಎಂ’ ಕೊಟ್ಟರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂದು ಶೆಲ್ ಕೈಚೆಲ್ಲುತ್ತದೆ, ಆದ್ದರಿಂದ ‘ಫೈಂಡ್’ಗೆ ಒಂದು ದಿನಕ್ಕಿಂತ ಹಳೆಯವನ್ನು ಮಾತ್ರ ಹುಡುಕಿ ಅಳಿಸಲು ಹೇಳಿ, ಡಿಸ್ಕ್‌ಗೆ ಹೊರೆಯಾಗದಂತೆ ‘ಅಯೋನೈಸ್’ ಜೊತೆ ಓಡಿಸಿದೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಟರ್ಮಿನಲ್‌ನಲ್ಲಿ ಪರ್ಮಿಶನ್ ಸಂಕೇತಗಳನ್ನು ಡೈರೆಕ್ಟರಿಗಳಿಗೆ 755, ಫೈಲ್‌ಗಳಿಗೆ 644, ಕೀಲಿ ಡೈರೆಕ್ಟರಿಗೆ 700, ಕೀಲಿ ಫೈಲ್‌ಗೆ 600, ಪಾಸ್‌ವರ್ಡ್ ಇರುವ ಫೈಲ್‌ಗಳಿಗೆ 640 ಎಂದು ಒಂದೊಂದಾಗಿ ಸರಿಪಡಿಸಿ, ಟೈಮರ್ ಚಾಲೂ ಮಾಡಿದೆ. ರಾತ್ರಿ 8.15ಕ್ಕೆ ಮೊದಲ ಬುಕಿಂಗ್ ದಾಖಲಾಯಿತು. ಅಷ್ಟರಲ್ಲಿ ಜಂಬೂಸವಾರಿಯ ವಾರದ ಬಹುಪಾಲು ಅತಿಥಿಗಳು ಬೇರೆ ಕಡೆ ಕೋಣೆ ಹಿಡಿದಾಗಿತ್ತು.

ಟೈಮರ್ ನಿಂತದ್ದು ಹೇಗೆಂಬುದೂ ಆಗಲೇ ತಿಳಿಯಿತು. ‘ಜರ್ನಲ್‌ಸಿಟಿಎಲ್’ ದಾಖಲೆಯ ಪ್ರಕಾರ ಅದನ್ನು ನಿಲ್ಲಿಸಿದ್ದು ಆಗಸ್ಟ್ 11ರ ಮಧ್ಯಾಹ್ನ, ತಮ್ಮ ಸಿಬ್ಬಂದಿ ‘ಸುರಕ್ಷತಾ ನವೀಕರಣ, ಸೇವೆಗೆ ಯಾವ ಅಡಚಣೆಯೂ ಇರದು’ ಎಂದು ನೋಟಿಸ್ ಕಳಿಸಿ ಕೆಲಸ ಮಾಡಿದ ಅವಧಿಯಲ್ಲಿ; ರೂಟ್‌ನ ಆಜ್ಞಾ ಇತಿಹಾಸದಲ್ಲಿ ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಎಂಬ ಸಾಲು ಅದೇ ಗಳಿಗೆಯ ಸಮಯದೊಂದಿಗೆ ಇದೆ, ‘ಲಾಸ್ಟ್’ ಆಜ್ಞೆ ಆ ಹೊತ್ತಿನಲ್ಲಿ ಒಳಗಿದ್ದದ್ದು ತಮ್ಮ ಕಚೇರಿಯ ವಿಳಾಸದಿಂದ ಬಂದ ರೂಟ್ ಒಬ್ಬರೇ ಎಂದು ತೋರಿಸುತ್ತದೆ. ನವೀಕರಣದ ವೇಳೆ ಟೈಮರ್ ನಿಲ್ಲಿಸಬೇಕಾಗಿ ಬಂದಿರಬಹುದು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮತ್ತೆ ಹಚ್ಚಲು ಮರೆತದ್ದರಿಂದ ಅಲ್ಲಿಂದ 44 ದಿನ, ದಿನಕ್ಕೆ ಸರಾಸರಿ 54 ಸಾವಿರದಂತೆ ಫೈಲ್‌ಗಳು ಸೇರುತ್ತಾ ಹೋದವು. ಹೀಗಾಗಿ ಕೆಡಿಸಿದ್ದು ತಮ್ಮವರೇ, ಅದರ ಮದ್ದೆಂದು ನನಗೆ ಡಿಸ್ಕ್ ಮಾರಿದ್ದೂ ತಮ್ಮವರೇ.

ಸೇವೆ ನಿಂತ ಅವಧಿ 46 ಗಂಟೆ 35 ನಿಮಿಷ. ತಿಂಗಳಿಗೆ ಶೇಕಡ 99.9 ಲಭ್ಯತೆಯ ಭರವಸೆ ಎಂದರೆ 30 ದಿನಗಳ ತಿಂಗಳಲ್ಲಿ 43 ನಿಮಿಷಗಳ ರಿಯಾಯಿತಿ. ಪುಟಗಳು ತೆರೆಯುತ್ತಿದ್ದವಲ್ಲ, ಅದು ಸ್ಥಗಿತವಲ್ಲ ಎಂದು ತಮ್ಮ ಪ್ರತಿನಿಧಿ ಫೋನಿನಲ್ಲಿ ಹೇಳಿದರು. ಬಾಗಿಲು ತೆರೆದಿಟ್ಟು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ ಅಂಗಡಿಯನ್ನು ವ್ಯಾಪಾರ ನಡೆಯುತ್ತಿರುವ ಅಂಗಡಿ ಎಂದು ಯಾರೂ ಕರೆಯುವುದಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಕಟ್ಟಿಸಿಕೊಂಡ ₹4,720 ಪೂರ್ಣವಾಗಿ ವಾಪಸು ಬರಬೇಕು. ಹೆಚ್ಚುವರಿ 40 ಜಿಬಿ ಯಾವ ಪಾರ್ಟಿಷನ್‌ಗೂ ಸೇರದೆ ಹಾಗೆಯೇ ಬಿದ್ದಿದೆ, ನಾನು ಮುಟ್ಟಿಲ್ಲ, ತಾವು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಒಪ್ಪಂದದಂತೆ ಸೆಪ್ಟೆಂಬರ್ ತಿಂಗಳ ಶುಲ್ಕವನ್ನು ಮನ್ನಾ ಮಾಡಬೇಕು. ಆಗಸ್ಟ್ 11ರ ನವೀಕರಣದಲ್ಲಿ ಏನೇನು ಬದಲಾಯಿತೆಂಬ ಲಿಖಿತ ವಿವರ ಕೊಡಬೇಕು, ಏಕೆಂದರೆ ಒಂದು ಟೈಮರ್ ಮರೆತವರು ಇನ್ನೇನನ್ನು ಮರೆತಿದ್ದಾರೋ ಎಂಬ ಅಳುಕು ನನಗಿದೆ. ಮುಂದೆ ‘/ಹೋಮ್’ ಒಳಗೆ ಯಾವುದೇ ಆಜ್ಞೆ ಕೊಡುವ ಮೊದಲು ಆ ಆಜ್ಞೆಯನ್ನು ಟಿಕೆಟ್‌ನಲ್ಲಿ ಬರೆದು ನನ್ನ ಒಪ್ಪಿಗೆ ಪಡೆಯಬೇಕು. ಸಿಬ್ಬಂದಿಯ ಮೇಲೆ ಕ್ರಮ ಕೈಗೊಳ್ಳಿ ಎಂದು ನಾನು ಕೇಳುತ್ತಿಲ್ಲ. ಹನ್ನೊಂದು ನಿಮಿಷದಲ್ಲಿ ಟಿಕೆಟ್ ಮುಚ್ಚಬೇಕೆಂಬ ಒತ್ತಡದಲ್ಲಿ ಕೂತವರು ಇಪ್ಪತ್ತು ಸಾಲು ಓದಲಾರರು ಎಂಬುದು ನನಗೂ ಗೊತ್ತು.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಸ್ವಉದ್ಯೋಗದಿಂದ ಜೀವನ ನಡೆಸುವ ಗ್ರಾಹಕನಾಗಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಮೈಸೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುವುದು ನನಗೆ ಅನಿವಾರ್ಯವಾಗುತ್ತದೆ.

ಮೇಲೆ ಹೇಳಿದ ಎಲ್ಲ ಆಜ್ಞೆಗಳ ಫಲಿತಾಂಶ, ಲಾಗ್‌ಗಳ ಸಂಬಂಧಪಟ್ಟ ಭಾಗ ಮತ್ತು ಹಣ ಕಟ್ಟಿದ ರಸೀದಿಯನ್ನು ಲಗತ್ತಿಸಿದ್ದೇನೆ. ಪತ್ರದಲ್ಲಿರುವ ಸಮಯವೆಲ್ಲ ಭಾರತೀಯ ಕಾಲಮಾನ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ ಇರುವುದರಿಂದ ಲಾಗ್‌ನೊಂದಿಗೆ ತಾಳೆ ನೋಡುವವರು ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)