ಶಾಸಕರೇ, ನಮ್ಮ ಹಳ್ಳಕ್ಕೆ ಒಬ್ಬ ಕಾವಲುಗಾರನನ್ನು ಕೊಡಿ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವನೇ. ತುಂಗೆಗೆ ಸೇರುವ ಒಂದು ಹಳ್ಳದ ದಡದಲ್ಲಿ ನಮ್ಮ ಮನೆ, ತೋಟ. ರಸ್ತೆ ಕೇಳಲು ಬರೆಯುತ್ತಿಲ್ಲ, ಗಾಬರಿಯಾಗಬೇಡಿ. ಮೀನು ಹಿಡಿಯಲು ಹಳ್ಳಕ್ಕೆ ತೋಟೆ, ಅಂದರೆ ಸಿಡಿಮದ್ದು, ಹಾಕುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು ನಿಲ್ಲಬೇಕು. ಅದಕ್ಕೆ ಒಬ್ಬ ಕಾವಲುಗಾರ ಬೇಕು. ಆರು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ಈ ಸಲ ಊರೆಲ್ಲ ಓದುವ ಹಾಗೆ ಕೇಳೋಣ ಅನ್ನಿಸಿತು.

ಕಾನೂನು ನಿಮಗೆ ಗೊತ್ತೇ ಇರುತ್ತದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಅಪರಾಧ ಅಂತ ಬ್ರಿಟಿಷರೇ 1897ರಲ್ಲಿ ಬರೆದಿಟ್ಟು ಹೋಗಿದ್ದಾರೆ. ನಮ್ಮ ರಾಜ್ಯದ್ದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಬೇರೆ ಇದೆ. ಹಾಗಾಗಿ ಅದನ್ನು ನಿಮಗೆ ವಿವರಿಸುವ ಅಧಿಕಪ್ರಸಂಗ ಮಾಡುವುದಿಲ್ಲ.

ಏಪ್ರಿಲ್‌ನಲ್ಲಿ ಏನಾಯಿತು ಅಂತ ಮಾತ್ರ ಹೇಳುತ್ತೇನೆ. ಬೇಸಿಗೆಯಲ್ಲಿ ಹಳ್ಳದ ಹರಿವು ನಿಂತು ಗುಂಡಿಗಳಲ್ಲಷ್ಟೇ ನೀರು ಉಳಿದಿರುತ್ತದೆ, ಇರೋ ಬರೋ ಮೀನೆಲ್ಲ ಅಲ್ಲೇ ಸೇರಿರುತ್ತವೆ. ಬೆಳಿಗ್ಗೆ ಪಂಪ್ ಹಾಕಲು ಹೋದರೆ ಮೂಗಿಗೆ ಬಡಿದದ್ದು ಆಸ್ಪತ್ರೆಯ ಕಕ್ಕಸಿನ ವಾಸನೆ. ಗುಂಡಿಯ ತುಂಬ ಹೊಟ್ಟೆ ಮೇಲಾಗಿ ಬಿದ್ದ ಮೀನು. ಬೆರಳುದ್ದದ ಮರಿಗಳೇ ಜಾಸ್ತಿ. ಏಡಿಗಳು ನೀರು ಬಿಟ್ಟು ಕಲ್ಲಿನ ಮೇಲೆ ಹತ್ತಿ ಕೂತಿದ್ದವು, ಕೆಲವು ಅಲ್ಲೇ ಸತ್ತಿದ್ದವು. ಒಂದು ಚೇಳಿಮೀನಿನ ಕಿವಿರು ಬಿಡಿಸಿ ನೋಡಿದೆ. ಕೆಂಪಗಿರಬೇಕಾದದ್ದು ಬೇಯಿಸಿದ ಹಾಗೆ ಬೆಳ್ಳಗಾಗಿತ್ತು. ದೊಡ್ಡ ಮೀನನ್ನೆಲ್ಲ ರಾತ್ರಿಯೇ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. ಅದೇ ನೀರು ಪೈಪಿನಲ್ಲಿ ಕೆಳಗಿನ ನಾಲ್ಕು ಮನೆಗೂ ಹೋಗುತ್ತದೆ ಸ್ವಾಮಿ.

ಒಂದು ಕಚೇರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಕಚೇರಿ ತೋರಿಸಿದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಸತ್ತ ಮೀನಿನ ಮಾಲೀಕರು ಯಾರು?" ದೇವರಾಣೆಗೂ ತಮಾಷೆ ಅಲ್ಲ. ಮಾಲೀಕರಿಲ್ಲದಿದ್ದರೆ ನಷ್ಟ ಯಾರಿಗೆ ಅಂತ ಬರೆದುಕೊಳ್ಳುವುದು, ಅಲ್ವಾ? ಕೊನೆಗೆ ಸಾಕ್ಷಿಗೆ ಒಂದಿಷ್ಟು ಮೀನು ಎತ್ತಿಡಿ, ನಾಳೆ ಬರುತ್ತೇವೆ ಅಂದರು. ಎರಡು ಕವರು ತುಂಬಿ ಫ್ರಿಜ್ಜಿನಲ್ಲಿಟ್ಟೆ. ನಾಳೆ, ನಾಡಿದ್ದು, ಆಚೆನಾಡಿದ್ದು. ಐದನೇ ದಿನ ನನ್ನ ಹೆಂಡತಿ "ಒಂದೋ ಮೀನು ಹೊರಗೆ ಹೋಗಬೇಕು, ಇಲ್ಲಾ ನೀವು" ಅಂದಳು. ತೆಂಗಿನ ಬುಡದಲ್ಲಿ ಹೂತೆ. ತೆಂಗಿಗಾದರೂ ನ್ಯಾಯ ಸಿಕ್ಕಿತು.

ನಾವೇನು ಮೀನು ತಿನ್ನದವರಲ್ಲ. ಮೀನು ಹಿಡಿಯಲು ಕಲಿಸಿದ್ದೇ ನಮ್ಮ ದೊಡ್ಡಪ್ಪ. ಮೂರನೇ ಕ್ಲಾಸು ಓದಿದ ಮನುಷ್ಯ. ಆದರೆ ಹಳ್ಳದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಕಡಿಮೆ. ದಡದ ಬಂಡೆಯ ಮೇಲಿನ ನೀರುನಾಯಿ ಹಿಕ್ಕೆಯನ್ನು ಕಡ್ಡಿಯಲ್ಲಿ ಬಿಡಿಸಿ, ಏಡಿ ಚಿಪ್ಪು ಎಷ್ಟಿದೆ, ಮೀನಿನ ಪೊರೆ ಎಷ್ಟಿದೆ ನೋಡಿ, "ಮೇಲಿನ ಗುಂಡೀಲಿ ಮೀನು ಕಮ್ಮಿಯಾಗಿದೆ, ಈ ವಾರ ಗಾಳ ಬೇಡ" ಅನ್ನುತ್ತಿದ್ದರು. ಒಂದು ಸಲ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಮಿಸುಕುತ್ತಿತ್ತು. ನಾನು ಗಾಳ ಎಸೆಯಲು ಹೋದೆ, ತಲೆಗೊಂದು ಮೊಟಕಿದರು. ಅದು ಮುರುಗೋಡು ಮೀನಿನ ಮರಿಗಳ ಹಿಂಡು. ಕೆಳಗೆ ದೊಡ್ಡ ಮುರುಗೋಡು ಕಾವಲಿರುತ್ತದೆ, ಅದನ್ನು ಹಿಡಿದರೆ ಅಷ್ಟೂ ಮರಿ ಬೇರೆ ಮೀನುಗಳ ಪಾಲು. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನನ್ನೂ ಹಿಡಿಯುತ್ತಿದ್ದರು, ಸುಳ್ಳು ಹೇಳುವುದಿಲ್ಲ. ಆದರೆ ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ್ದನ್ನು ಕೂಳಿಯಿಂದ, ಅಂದರೆ ಮೀನು ಹಿಡಿಯುವ ಬುಟ್ಟಿಯಿಂದ, ತೆಗೆದು ಬಿಟ್ಟುಬಿಡುತ್ತಿದ್ದರು. ಹಾಗೆ ಬಿಡುವುದನ್ನು ನೋಡಿ ನಮಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ಅಂಥವರು ಆಗ ಪ್ರತಿ ಊರಲ್ಲೂ ಒಬ್ಬರಿದ್ದರು. ಅವರಿಗೆ ಸಂಬಳ ಇರಲಿಲ್ಲ, ಬೈಗುಳ ಇತ್ತು. ತೋಟೆ ಹಾಕಲು ಬಂದವರನ್ನು ಬೈದೇ ಓಡಿಸುತ್ತಿದ್ದರು. ದೊಡ್ಡಪ್ಪ ಹೋಗಿ ಹನ್ನೊಂದು ವರ್ಷವಾಯಿತು. ನಾನು ಬೈದರೆ ವಿಡಿಯೋ ಮಾಡಿಕೊಂಡು ನಗುತ್ತಾರೆ.

ತೋಟೆ ಸಿಡಿದರೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದಷ್ಟನ್ನು ಬಾಚಿಕೊಂಡು ಹೋಗುತ್ತಾರೆ, ಮುಳುಗಿದ್ದು ತಳದಲ್ಲೇ ಕೊಳೆಯುತ್ತದೆ. ಮೊಟ್ಟೆ, ಮರಿ ಏನೂ ಉಳಿಯುವುದಿಲ್ಲ. ಇದಕ್ಕೆ ಶಿಕಾರಿ ಅನ್ನುವ ಹೆಸರು ಬೇರೆ.

ಶೃಂಗೇರಿಗೆ ಹೋದಾಗ ನೀವೂ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿರುತ್ತೀರಿ. ಅದೇ ತುಂಗೆಗೆ ಸೇರುವ ನೀರು ಇದೂ. ದೇವಸ್ಥಾನದ ಮುಂದಿದ್ದರೆ ದೇವರ ಮೀನು, ನಮ್ಮ ತೋಟದ ಹಿಂದಿದ್ದರೆ ಮಾಲೀಕರಿಲ್ಲದ ಮೀನು! ದೇವರ ಮೀನಿಗೂ ಗ್ಯಾರಂಟಿ ಏನಿಲ್ಲ ಬಿಡಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಮೀನುಗಳನ್ನೇ 1996ರಲ್ಲಿ ವಿಷ ಹಾಕಿ ಕೊಂದರು, ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ತುಂಗಭದ್ರೆಯಲ್ಲಿ ನೀರುನಾಯಿಗಳಿಗೆ ಅಂತಲೇ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಮೀಸಲಿಟ್ಟಿದ್ದಾರೆ. ಸರ್ಕಾರಕ್ಕೆ ಆಗದ ಕೆಲಸ ಏನಲ್ಲ ಅಂತ ಹೇಳಲು ಇದನ್ನು ನೆನಪಿಸಿದೆ, ಅಷ್ಟೇ. ನನಗೆ ಮೀಸಲು ಬೇಡ, ಬೋರ್ಡು ಬೇಡ, ನಿಮ್ಮ ಫೋಟೋ ಇರುವ ಫ್ಲೆಕ್ಸಂತೂ ಬೇಡವೇ ಬೇಡ. ಒಬ್ಬ ಕಾವಲುಗಾರ ಸಾಕು.

ಹಳ್ಳ ಬತ್ತುವ ಎರಡು ತಿಂಗಳು, ಮೀನು ಹತ್ತುವ ಎರಡು ತಿಂಗಳು. ವರ್ಷಕ್ಕೆ ನಾಲ್ಕೇ ತಿಂಗಳು ರಾತ್ರಿ ತಿರುಗಲು ಒಬ್ಬ. ನಮ್ಮೂರಿನ ಹುಡುಗನೇ ಆದರೆ ಇನ್ನೂ ಒಳ್ಳೆಯದು, ಅವನಿಗೆ ಕಳ್ಳದಾರಿಗಳೆಲ್ಲ ಗೊತ್ತಿರುತ್ತವೆ. ಅವನು ಫೋನ್ ಮಾಡಿದರೆ ಮಾಲೀಕರು ಯಾರು ಅಂತ ಕೇಳದೆ ಕೇಸು ಬರೆದುಕೊಳ್ಳುವಂತೆ ನೀವೊಂದು ಮಾತು ಹೇಳಿ. ಕಾವಲುಗಾರನನ್ನು ಕೊಡಿ ಅಂತ ಎಷ್ಟನೇ ಸಲ ಬರೆದೆನೋ, ಲೆಕ್ಕ ಇಟ್ಟಿಲ್ಲ.

ಮೃಗಶಿರಾ ಮಳೆಗೆ ಇನ್ನು ಮೂರು ವಾರ ಇದೆ. ಕಳಿಸುವುದಾದರೆ ಅಷ್ಟರೊಳಗೆ ಕಳಿಸಿ. ಟಾರ್ಚು ನಾನು ಕೊಡುತ್ತೇನೆ, ದೊಡ್ಡಪ್ಪನದ್ದು ಇದೆ.

ಇಂತಿ,
ಆರನೇ ವರ್ಷದ ಅರ್ಜಿದಾರ