ಮನೆಯ ಮನರಂಜನೆಯಲ್ಲಿ ವಿಆರ್‌ಗೆ ಸಲ್ಲುವ ಜಾಗ

ಮಾನ್ಯ ಸಂಪಾದಕರೇ,

ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ದೃಶ್ಯವೇ ಆವರಿಸಿದಂತೆ ತೋರಿಸುವ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಇನ್ನು ಕೆಲವೇ ವರ್ಷಗಳಲ್ಲಿ ನಡುಮನೆಯ ಟಿವಿಯನ್ನು ಬದಿಗೆ ಸರಿಸುತ್ತದೆ ಎಂಬ ಮಾತು, 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್‌ಗೆ ಇಂಥ ಹೆಡ್‌ಸೆಟ್ ತಯಾರಿಸುವ ಆಕ್ಯುಲಸ್ ಕಂಪನಿಯನ್ನು ಕೊಂಡಾಗಿನಿಂದಲೂ ಕೇಳಿಬರುತ್ತಿದೆ. ಅದು ಈವರೆಗೆ ಆಗಿಲ್ಲ, ಮುಂದೆಯೂ ಆಗದು ಎಂಬುದು ನನ್ನ ನಂಬಿಕೆ. ಹಾಗೆಂದು ವಿಆರ್ ಮೂಲೆಗುಂಪಾಗುತ್ತದೆ ಎಂಬ ವಾದವನ್ನೂ ನಾನು ಒಪ್ಪಲಾರೆ.

ಅಡ್ಡಿ ಬೆಲೆಯದು ಎಂದು ಹಲವರು ಹೇಳುತ್ತಾರೆ. ಆಪಲ್‌ನ ವಿಷನ್ ಪ್ರೊ ಹೆಡ್‌ಸೆಟ್ 2024ರಲ್ಲಿ 3,499 ಡಾಲರ್‌ಗೆ ಬಂದದ್ದು ನಿಜ, ಆದರೆ ಅದೇ ವರ್ಷ ಮೆಟಾದ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಕ್ವೆಸ್ಟ್ 3ಎಸ್ 299 ಡಾಲರ್‌ಗೆ ಮಾರುಕಟ್ಟೆಗೆ ಬಂತು. ನಮ್ಮಲ್ಲೇ 2023ರಲ್ಲಿ ಐಪಿಎಲ್ ನೋಡಲೆಂದು ಜಿಯೋ 1,299 ರೂಪಾಯಿಗೆ, ಮೊಬೈಲ್ ಸಿಕ್ಕಿಸಿಕೊಂಡು ನೋಡುವ ಹೆಡ್‌ಸೆಟ್ ತಂದಿತು. ಆದರೂ ಮನೆಮಂದಿ ಕ್ರಿಕೆಟ್ ನೋಡುವ ಕ್ರಮ ಬದಲಾಗಲಿಲ್ಲ, ಏಕೆಂದರೆ ಸಿಕ್ಸರ್ ಬಿದ್ದಾಗ ಪಕ್ಕದಲ್ಲಿ ಕುಳಿತವರ ಮುಖ ನೋಡುವುದೂ ಆ ಆಟದ ಸುಖದ ಒಂದು ಭಾಗ. ಕನ್ನಡಕವೊಂದನ್ನಷ್ಟೇ ಕೇಳಿದ 3ಡಿ ಟಿವಿಯನ್ನೂ ಮನೆಗಳು ಒಪ್ಪಿಕೊಳ್ಳದೆ, 2017ರ ವೇಳೆಗೆ ಎಲ್‌ಜಿ ಮತ್ತು ಸೋನಿ ಅದರ ತಯಾರಿಕೆಯನ್ನೇ ಕೈಬಿಟ್ಟವು.

ಇನ್ನೊಂದು ಅಡ್ಡಿ ನಮ್ಮ ದೇಹದ್ದು. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣುಗುಡ್ಡೆಗಳು ಒಳಮುಖವಾಗಿ ಹೊರಳುತ್ತವೆ, ಜೊತೆಗೇ ಕಣ್ಣಿನ ಮಸೂರವೂ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ಇಂದಿನ ಹೆಡ್‌ಸೆಟ್‌ಗಳಲ್ಲಿ ಕಣ್ಣುಗುಡ್ಡೆಗಳು ದೃಶ್ಯದ ದೂರಕ್ಕೆ ತಕ್ಕಂತೆ ಹೊರಳಿದರೂ ಮಸೂರ ಮಾತ್ರ ಒಂದೇ ದೂರದಲ್ಲಿ ನೆಟ್ಟಿರಬೇಕಾಗುವುದರಿಂದ ಕಣ್ಣು ದಣಿಯುತ್ತದೆ, ಕೆಲವರಿಗೆ ತಲೆನೋವು ಬರುತ್ತದೆ. ದೃಶ್ಯ ಓಡುತ್ತಿದ್ದು ದೇಹ ಕುಳಿತಲ್ಲೇ ಇದ್ದರೆ, ಕಣ್ಣು ಹೇಳುವುದಕ್ಕೂ ಒಳಗಿವಿಯ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ, ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಪರದೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದ ಮಾತ್ರಕ್ಕೆ ಇವು ಮಾಯವಾಗುವುದಿಲ್ಲ. ಸೋನಿ ತನ್ನ ಹೆಡ್‌ಸೆಟ್ 12 ವರ್ಷದೊಳಗಿನ ಮಕ್ಕಳಿಗಲ್ಲ ಎಂದು ತಾನೇ ಎಚ್ಚರಿಸಿರುವುದನ್ನು, ಹುಟ್ಟುಹಬ್ಬದ ಉಡುಗೊರೆಗೆ ಅದನ್ನು ಆರಿಸುವ ಪಾಲಕರು ದಯವಿಟ್ಟು ಗಮನಿಸಬೇಕು.

ಹಾಗಾದರೆ ಉಳಿಯುವುದು ಏನು? ಎದ್ದು ನಿಂತು ಕೈಬೀಸಿ ಆಡುವ ಆಟಗಳು ಈಗಾಗಲೇ ನೆಲೆಯೂರಿವೆ. ಅಲ್ಲಿ ಕಣ್ಣಿಗೆ ಕಾಣುವ ಚಲನೆ ಮತ್ತು ದೇಹದ ಚಲನೆ ಒಂದಾಗಿರುವುದರಿಂದ ವಾಕರಿಕೆ ಕಡಿಮೆ, ಆಟವೂ ಬೇಗ ಮುಗಿಯುತ್ತದೆ. ಎರಡನೆಯದಾಗಿ, ಒಂದೇ ಕಡೆ ಕುಳಿತು ನೋಡುವ ರಂಗಪ್ರದರ್ಶನ. ಕ್ಯಾಮೆರಾ ಅಲುಗಾಡದಿದ್ದರೆ ನೋಡುವವರಿಗೂ ತೊಂದರೆ ಕಡಿಮೆ. ರಂಗಸ್ಥಳದ ಮುಂದಿನ ಸಾಲಿನಲ್ಲಿ ಕ್ಯಾಮೆರಾ ಇರಿಸಿ ಯಕ್ಷಗಾನದ ಒಂದು ಪ್ರಸಂಗವನ್ನು 180 ಡಿಗ್ರಿಯಲ್ಲಿ, ಅಂದರೆ ಮುಂದಿನ ಅರ್ಧವೃತ್ತದ ನೋಟವೆಲ್ಲ ಸೇರುವಂತೆ, ಚಿತ್ರೀಕರಿಸಿದರೆ, ಚೆಂಡೆಯ ಪೆಟ್ಟು ಯಾವ ಬದಿಯಿಂದ ಬರುತ್ತಿದೆ ಎಂಬುದನ್ನೂ ಅಮೆರಿಕದಲ್ಲಿ ಒಂಟಿಯಾಗಿರುವ ಕನ್ನಡಿಗ ಅನುಭವಿಸಬಲ್ಲ. ಜೊತೆಗೆ ಕುಳಿತು ನೋಡುವವರಿಲ್ಲದ ಮನೆಯಲ್ಲಿ ಈ ಸಾಧನ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಕರ್ನಾಟಕ ಸರ್ಕಾರದ 2024–29ರ ಎವಿಜಿಸಿ-ಎಕ್ಸ್‌ಆರ್ (ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್, ಕಾಮಿಕ್ಸ್ ಮತ್ತು ವಿಆರ್‌ನಂಥ ತಂತ್ರಜ್ಞಾನ) ನೀತಿಯು ಈ ಉದ್ಯಮಕ್ಕೆ ಬೆಂಬಲ ನೀಡಲು ಹೊರಟಿದೆ. ಆ ಬೆಂಬಲದ ಒಂದು ಪಾಲನ್ನು ಯಕ್ಷಗಾನ, ವೃತ್ತಿರಂಗಭೂಮಿ ಮತ್ತು ಸಂಗೀತ ಕಛೇರಿಗಳ ಇಂಥ ಚಿತ್ರೀಕರಣಕ್ಕೆ, ಕಲಾವಿದರಿಗೆ ನ್ಯಾಯವಾದ ಸಂಭಾವನೆಯೊಡನೆ, ಮೀಸಲಿಡಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಓದುಗ, ಶಿವಮೊಗ್ಗ