ದಪ್ಪ ಗೆರೆಯ ಹಚ್ಚೆ ಒರಟು ಕೆಲಸವಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇತ್ತೀಚೆಗೆ ತಮ್ಮ ಪುರವಣಿಯಲ್ಲಿ ಪ್ರಕಟವಾದ ಟ್ಯಾಟೂ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೂದಲೆಳೆಯಂಥ ಗೆರೆಗಳ ಹೊಸ ಚಿತ್ರಗಳ ಬಗ್ಗೆ ಲೇಖಕರು ವಿವರವಾಗಿ ಬರೆದಿದ್ದಾರೆ. ಆದರೆ 'ಓಲ್ಡ್ ಸ್ಕೂಲ್' ಎಂದು ಕರೆಯುವ ಹಳೆಯ ಶೈಲಿಯನ್ನು, ಒಳ್ಳೆಯ ಯಂತ್ರವೂ ಬಣ್ಣವೂ ಇಲ್ಲದ ಕಾಲದ ಒರಟು ಕೆಲಸವೆಂದು ಒಂದೇ ವಾಕ್ಯದಲ್ಲಿ ಬದಿಗೆ ಸರಿಸಿದ್ದಾರೆ. ಸರಕು ಹಡಗುಗಳಲ್ಲಿ ಬಹುಕಾಲ ದುಡಿದು, ಆ ಶೈಲಿಯ ಒಂದು ಚಿತ್ರವನ್ನು ಮುಂಗೈಯ ಮೇಲೆ ಹೊತ್ತುಕೊಂಡೇ ಕಾರವಾರಕ್ಕೆ ಮರಳಿದ ನನಗೆ ಈ ಮಾತು ಅನ್ಯಾಯವೆನಿಸಿತು.

1978ರಲ್ಲಿ ರಾಟರ್‌ಡ್ಯಾಮ್ ಬಂದರಿನಲ್ಲಿ ನಮ್ಮ ಹಡಗು ನಿಂತಿದ್ದಾಗ ನಾನು ಲಂಗರಿನ ಹಚ್ಚೆ ಹಾಕಿಸಿಕೊಂಡೆ. ಅದರ ಮೇಲೆ ನಾಲ್ಕು ದಶಕಗಳ ಬಿಸಿಲು, ಉಪ್ಪುನೀರು, ಡೀಸೆಲ್ ಎಲ್ಲವೂ ಬಿದ್ದಿವೆ. ಕೆಂಪು ಮಾಸಿದೆ, ಕಪ್ಪು ಸ್ವಲ್ಪ ನೀಲಿಗೆ ತಿರುಗಿದೆ. ಆದರೂ ಅಂಗಳದ ಆಚೆ ಬದಿಯಲ್ಲಿ ನಿಂತವರಿಗೂ ಅದು ಲಂಗರೆಂದು ಗೊತ್ತಾಗುತ್ತದೆ. ನನ್ನ ತಂಗಿಯ ಮಗ ನಾಲ್ಕು ವರ್ಷಗಳ ಹಿಂದೆ ದೊಡ್ಡ ನಗರವೊಂದರಲ್ಲಿ ಸಾಕಷ್ಟು ಹಣ ಕೊಟ್ಟು, ಸಣ್ಣ ಅಂಕಿಗಳಿರುವ ದಿಕ್ಸೂಚಿಯನ್ನೂ ಅದರ ಕೆಳಗೆ ಎರಡು ಸಾಲು ಬರಹವನ್ನೂ ಬರೆಸಿಕೊಂಡು ಬಂದ. ಬಂದ ದಿನ ಅದು ನಿಜಕ್ಕೂ ಚೆಂದವಾಗಿತ್ತು. ಈಗ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು, ಓದಬೇಕಾದರೆ ಅವನನ್ನೇ ಕೇಳಬೇಕಾಗಿದೆ.

ಇದಕ್ಕೆ ಕಾರಣ ನಮ್ಮ ಚರ್ಮದಲ್ಲೇ ಇದೆ. ಚರ್ಮದ ಮೇಲ್ಪದರ ಆಗಾಗ ಉದುರಿ ಹೊಸದಾಗುತ್ತದೆ. ಶಾಯಿ ನಿಲ್ಲುವುದು ಅದರ ಕೆಳಗಿನ ಪದರದಲ್ಲಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ಅಲ್ಲಿನ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ, ಆದರೆ ವರ್ಷ ಕಳೆದಂತೆ ಕಣಗಳು ತುಸು ತುಸುವೇ ಸರಿದು ಪ್ರತಿಯೊಂದು ಗೆರೆಯೂ ಅಗಲವಾಗುತ್ತದೆ. ಗೆರೆಗಳ ನಡುವೆ ಮೊದಲೇ ಸಾಕಷ್ಟು ಜಾಗ ಬಿಟ್ಟಿದ್ದರೆ ಚಿತ್ರ ಉಳಿಯುತ್ತದೆ, ಇಲ್ಲವಾದರೆ ಕಲಸಿಹೋಗುತ್ತದೆ. ಹಳೆಯ ಶೈಲಿಯ ಕಟ್ಟುನಿಟ್ಟು ಹುಟ್ಟಿದ್ದು ಈ ಅನುಭವದಿಂದ. ಹಲವು ಸೂಜಿಗಳನ್ನು ಒಟ್ಟಿಗೆ ಕಟ್ಟಿ ಮೊದಲು ದಪ್ಪನೆಯ ಕಪ್ಪು ಹೊರಗೆರೆ ಎಳೆಯುತ್ತಾರೆ, ಆಮೇಲೆ ಧಾರಾಳವಾಗಿ ಕಪ್ಪು ನೆರಳು ತುಂಬುತ್ತಾರೆ, ಕೊನೆಗೆ ಕೆಂಪು, ಹಸಿರು, ಹಳದಿಯಂಥ ಕೆಲವೇ ಬಣ್ಣಗಳು. ಉಳಿದ ಜಾಗದಲ್ಲಿ ಮೈಯ ಬಣ್ಣವನ್ನೇ ಬಿಡುತ್ತಾರೆ. ಕಪ್ಪು ಶಾಯಿ ಇಂಗಾಲವಾದ್ದರಿಂದ ಉಳಿದ ಬಣ್ಣಗಳು ಮಾಸಿದರೂ ಅದು ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ಯಕ್ಷಗಾನದ ಬಣ್ಣದ ವೇಷದ ಮುಖವರ್ಣಿಕೆಯಲ್ಲಿಯೂ ದಪ್ಪ ಗೆರೆ, ಕೆಲವೇ ಬಣ್ಣ. ಬಯಲಿನ ಕೊನೆಯಲ್ಲಿ ಕುಳಿತವನಿಗೂ ರಾಕ್ಷಸ ರಾಕ್ಷಸನಾಗಿಯೇ ಕಾಣಬೇಕೆಂಬ ಎಚ್ಚರ ಅದರ ಹಿಂದಿದೆ, ಅದನ್ನು ಯಾರೂ ಒರಟು ಎನ್ನುವುದಿಲ್ಲ.

ಚಿತ್ರಗಳ ವಿಷಯಕ್ಕೆ ಬಂದರೆ, ಲೇಖನ ಇವನ್ನು ಬರಿಯ ಅಲಂಕಾರವೆಂದು ತಿಳಿದಂತಿದೆ. ನಾವಿಕರ ನಡುವೆ ಅವು ಸೇವಾ ಪುಸ್ತಕದಂತೆ ಓದಿಸಿಕೊಳ್ಳುತ್ತಿದ್ದವು. ಲಂಗರು ಅಟ್ಲಾಂಟಿಕ್ ದಾಟಿದವನ ಗುರುತು. ಎಲ್ಲ ಹಾಯಿಗಳನ್ನೂ ಬಿಚ್ಚಿದ ಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬಂದವನದು. ಕವಲುಬಾಲದ ಸ್ವಾಲೋ ಹಕ್ಕಿಯೊಂದಕ್ಕೆ 5,000 ನಾಟಿಕಲ್ ಮೈಲಿ, ಅಂದರೆ ಸುಮಾರು 9,260 ಕಿಲೋಮೀಟರ್ ಪಯಣದ ಲೆಕ್ಕ. ಎಷ್ಟು ದೂರ ಹೋದರೂ ಗೂಡಿಗೆ ಮರಳುವ ಹಕ್ಕಿಯೆಂಬ ನಂಬಿಕೆಯೂ ಅದರಲ್ಲಿ ಸೇರಿತ್ತು, ಮನೆ ಬಿಟ್ಟು ಹೋದವನಿಗೆ ಆ ನಂಬಿಕೆ ಸಣ್ಣದಲ್ಲ. ಎಂಟು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರದಂತೆ 'ಹೋಲ್ಡ್ ಫಾಸ್ಟ್', ಅಂದರೆ 'ಬಿಗಿಯಾಗಿ ಹಿಡಿ', ಎಂದು ಬರೆಸಿಕೊಂಡರೆ ಬಿರುಗಾಳಿಯಲ್ಲಿ ಹಗ್ಗದ ಮೇಲಿನ ಹಿಡಿತ ಜಾರುವುದಿಲ್ಲ ಎನ್ನುತ್ತಿದ್ದರು. ಪಾದಗಳ ಮೇಲೆ ಹಂದಿ ಮತ್ತು ಹುಂಜ ಇದ್ದವನು ಮುಳುಗಲಾರ ಎಂಬ ಮಾತೂ ಇತ್ತು. ಹಡಗು ಒಡೆದಾಗ ಆ ಪ್ರಾಣಿಗಳನ್ನಿಟ್ಟ ಮರದ ಪೆಟ್ಟಿಗೆಗಳು ತೇಲಿ ದಡ ಸೇರುತ್ತಿದ್ದವಂತೆ. ಗುಲಾಬಿ, ಕಠಾರಿ, ತಾಯಿಯ ಹೆಸರು ಬರೆದ ಹೃದಯ ಇವೆಲ್ಲ ದಡದ ನೆನಪುಗಳು.

ಯಂತ್ರವಿಲ್ಲದ ಕಾಲದ ಕೆಲಸವೆಂಬ ಮಾತೂ ಸರಿಯಲ್ಲ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ ಎಡಿಸನ್ನರ ವಿದ್ಯುತ್ ಲೇಖನಿಯ ತತ್ವವನ್ನು ಅನುಸರಿಸಿ ರೂಪಿಸಿದ ಹಚ್ಚೆ ಯಂತ್ರಕ್ಕೆ 1891ರಲ್ಲಿಯೇ ಪೇಟೆಂಟ್ ಪಡೆದಿದ್ದರು, ಈ ಶೈಲಿ ಬೆಳೆದದ್ದೇ ಅಂಥ ಯಂತ್ರಗಳ ಜೊತೆಗೆ. ಹೊನೊಲುಲುವಿನಲ್ಲಿ ನಾವಿಕರಿಗೆ ಹಚ್ಚೆ ಹಾಕುತ್ತಿದ್ದ, 'ಸೈಲರ್ ಜೆರ್ರಿ' ಎಂದೇ ಹೆಸರಾದ ನಾರ್ಮನ್ ಕಾಲಿನ್ಸ್ (1911–1973) ಜಪಾನಿನ ಹಚ್ಚೆ ಕಲಾವಿದರೊಂದಿಗೆ ಪತ್ರ ವ್ಯವಹಾರ ನಡೆಸಿ ಅವರಿಂದ ಕಲಿತವರು.

ಸಂಪಾದಕರೇ, ನನಗೆ ಇನ್ನೂ ಹೆಚ್ಚು ಬೇಸರವಾದದ್ದು ನಮ್ಮ ಹಚ್ಚೆಯ ಪ್ರಸ್ತಾಪವೇ ಇಲ್ಲದ್ದಕ್ಕೆ. ನನ್ನ ತಾಯಿಯ ಕೈಮೇಲೆ ಐದು ಚುಕ್ಕೆಗಳೂ ಒಂದು ತುಳಸಿಕಟ್ಟೆಯೂ ಇದ್ದವು. ಒಡವೆಗಳೆಲ್ಲ ಇಲ್ಲೇ ಉಳಿಯುತ್ತವೆ, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎನ್ನುತ್ತಿದ್ದರು. ಊರೂರು ತಿರುಗುವ ಕೊರವಂಜಿಯರು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯಿಂದ ಹುಯ್ಯುತ್ತಿದ್ದ ಆ ಚಿತ್ರಗಳಲ್ಲಿಯೂ ಇದೇ ವಿವೇಕವಿತ್ತು: ಒಂದೇ ಬಣ್ಣ, ಬಿಡಿಬಿಡಿಯಾದ ಚುಕ್ಕೆ, ನಡುವೆ ಜಾಗ. ಚರ್ಮದ ಕೆಳಗೆ ಹೋದ ಕಪ್ಪು ಹಸಿರಾಗಿ ಕಾಣುವುದನ್ನು ನಮ್ಮ ಹಿರಿಯರು ಗಮನಿಸಿದ್ದರು. ಹಚ್ಚೆ ಎಂಬ ಪದವೇ ಹಸಿರು ಎನ್ನುವ ಹಳೆಯ 'ಪಚ್ಚೆ'ಯಿಂದ ಬಂದದ್ದು. ಸಂಪರ್ಕವೇ ಇಲ್ಲದ ಎರಡು ಕಡೆಯವರು, ಒಬ್ಬರು ಹಡಗುಕಟ್ಟೆಯಲ್ಲಿ, ಇನ್ನೊಬ್ಬರು ನಮ್ಮ ಮನೆಯ ಜಗಲಿಯಲ್ಲಿ, ಮೈಮೇಲೆ ಯಾವ ಗೆರೆ ಉಳಿಯುತ್ತದೆಂಬುದಕ್ಕೆ ಹೆಚ್ಚುಕಡಿಮೆ ಒಂದೇ ಉತ್ತರ ಕಂಡುಕೊಂಡಿದ್ದರು ಎಂಬುದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ.

ಹಳೆಯದೆಲ್ಲವೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿದ ಒಂದೇ ಸ್ಪಂಜಿನಿಂದ ಎಲ್ಲರ ರಕ್ತವನ್ನೂ ಒರೆಸುವ ಪದ್ಧತಿ ಹಿಂದೆ ಇತ್ತು. ಕಾಮಾಲೆ ಹರಡುವ ಭಯದಿಂದ ನ್ಯೂಯಾರ್ಕ್ ನಗರ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿ 1997ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತ್ತು. ಶಿರಸಿಯ ಮಾರಿಕಾಂಬಾ ಜಾತ್ರೆಗೋ ಬೇರೆ ಜಾತ್ರೆಗಳಿಗೋ ಹೋಗಿ ಹಚ್ಚೆ ಹಾಕಿಸಿಕೊಳ್ಳುವ ಮಕ್ಕಳು, ತಮ್ಮ ಕಣ್ಣೆದುರಿಗೇ ಹೊಸ ಸೂಜಿಯ ಪೊಟ್ಟಣ ಒಡೆಯುವಂತೆಯೂ ಶಾಯಿಯನ್ನು ಬೇರೆ ಬಟ್ಟಲಿಗೆ ಸುರಿಯುವಂತೆಯೂ ಕೇಳಲೇಬೇಕು. ನೌಕಾನೆಲೆಯ ಊರಾದ ನಮ್ಮಲ್ಲಿ ನೌಕಾಪಡೆ ಸೇರುವ ಕನಸಿನ ಹುಡುಗರು ಬಹಳ ಮಂದಿ ಇರುವುದರಿಂದ ಇನ್ನೊಂದು ಮಾತನ್ನೂ ಹೇಳಬೇಕು: ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದರೆ, ಬುಡಕಟ್ಟು ಸಮುದಾಯಗಳಿಗಿರುವ ವಿನಾಯಿತಿಯನ್ನುಳಿದು, ಭರ್ತಿಯಲ್ಲಿ ತಿರಸ್ಕೃತರಾಗುತ್ತಾರೆ. ಕತ್ತಿನ ಮೇಲೆ ಹಾಕಿಸಿಕೊಳ್ಳುವ ಮೊದಲು ಇದು ತಿಳಿದಿರಲಿ.

ಮುಂದಿನ ಸಲ ಈ ವಿಷಯ ಬರೆಯುವಾಗ ಹೊಸದಾಗಿ ಹಾಕಿದ ಹಚ್ಚೆಯ ಪಕ್ಕದಲ್ಲಿ ಹತ್ತು, ಇಪ್ಪತ್ತು ವರ್ಷ ಕಳೆದ ಹಚ್ಚೆಯ ಚಿತ್ರವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಹಾಗೆಯೇ ಕರಾವಳಿಯ ವೃದ್ಧೆಯರ ಕೈಮೇಲಿರುವ ಹಚ್ಚೆಗಳನ್ನು, ಆ ಚಿತ್ರಕ್ಕೆ ಅವರು ಹೇಳುವ ಹೆಸರಿನ ಸಮೇತ ಕಳುಹಿಸುವಂತೆ ಓದುಗರಿಗೆ ತಮ್ಮ ಪತ್ರಿಕೆ ಕರೆ ಕೊಡಬಹುದು. ನನ್ನ ತಾಯಿಯ ಹಚ್ಚೆಯ ಒಂದು ಫೋಟೋ ಕೂಡ ನಮ್ಮಲ್ಲಿ ಉಳಿದಿಲ್ಲ; ತುಳಸಿಕಟ್ಟೆಗೆ ಎಷ್ಟು ಮೆಟ್ಟಿಲುಗಳಿದ್ದವೆಂಬುದರಲ್ಲಿ ನನಗೂ ತಂಗಿಗೂ ಇಂದಿಗೂ ಒಮ್ಮತವಿಲ್ಲ. ಕೋಡಿಬಾಗ, ಬೈತಖೋಲ, ಮಾಜಾಳಿ ಕಡೆಯ ಮನೆಗಳಿಗೆ ಹೋಗಿ ಚಿತ್ರಗಳನ್ನು ಸಂಗ್ರಹಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನಾವಿಕ, ಕೋಡಿಬಾಗ, ಕಾರವಾರ